ಕಾಶಿಗೆಂದು ಹೇಳಿ ಗಡಿ ದಾಟಿದ್ದು

ಹೊರಡುವ ಮೊದಲು

ಪರದೇಶಕ್ಕೆ ಹೋಗಿ ಬಂದವರು ಮಾತು ಶುರು ಮಾಡುವುದೇ ವಿಮಾನದಿಂದ. ನನಗೆ ಆ ಭಾಗ್ಯವಿಲ್ಲ. ನಾನು ಹೊರಟದ್ದು ಕೆಂಪು ಬಸ್ಸಿನಲ್ಲಿ, ಆಮೇಲೆ ರೈಲಿನಲ್ಲಿ. ಗಡಿ ದಾಟಿದ್ದು ಸೈಕಲ್ ರಿಕ್ಷಾದಲ್ಲಿ. ನೇಪಾಳಕ್ಕೆ ಹೋಗಲು ನಮ್ಮವರಿಗೆ ಪಾಸ್‌ಪೋರ್ಟ್ ಬೇಡ, ಗಟ್ಟಿ ಎದೆ ಇದ್ದರೆ ಸಾಕು. ಅದೇ ನನ್ನ ಹತ್ತಿರ ಇರಲಿಲ್ಲ. ಲಿಂಗಸುಗೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಬಾಯಿಜೋರಿನ ಶಾಂತಾ ಟೀಚರ್ ಎಂದು ಹೆಸರಾದವಳು. ಶಾಲೆಯ ಗೇಟು ದಾಟಿದರೆ ಮಾತ್ರ ಹಲ್ಲಿ ಲೊಚಗುಟ್ಟಿದರೂ ಪ್ರಯಾಣ ಮುಂದೂಡುವ ಹೆಂಗಸು. ತೊಂಬತ್ತರ ದಶಕದ ನಡುವೆ ಒಂದು ದೀಪಾವಳಿಯ ಹೊತ್ತಿಗೆ ಅಂಥವಳು ಕಾಯಿಲೆಯ ಹುಡುಗನೊಬ್ಬನನ್ನು ಕಟ್ಟಿಕೊಂಡು ಕಾಠ್ಮಂಡುವಿಗೆ ಹೋದೆ. ದಾರಿಯುದ್ದಕ್ಕೂ ಹೆದರಿದೆ. ಹಿಮಾಲಯದ ವರ್ಣನೆಯನ್ನು ಇದರಲ್ಲಿ ಹುಡುಕಬೇಡಿ. ಮೋಡ ಕವಿದಿತ್ತು, ನಾನೂ ತಲೆ ಎತ್ತಿ ನೋಡಲಿಲ್ಲ.

ಹುಡುಗನ ಹೆಸರು ಮಲ್ಲು. ನನ್ನ ಅಕ್ಕ ಬಸಮ್ಮನ ಒಬ್ಬನೇ ಮಗ. ನಾವಿಬ್ಬರೂ ಮಸ್ಕಿಯಲ್ಲಿ ಹುಟ್ಟಿದವರು. ನನಗೆ ನೌಕರಿ ಸಿಕ್ಕಿತು, ಅವಳನ್ನು ಸಿಂಧನೂರು ತಾಲೂಕಿನ ಮುಕ್ಕುಂದಕ್ಕೆ ಕೊಟ್ಟರು. ಮಲ್ಲು ಹತ್ತನೆಯದು ಪಾಸಾಗಿ ಕಾಲೇಜು ಒಲ್ಲೆ ಅಂದ. ಸಿಂಧನೂರಿನ ಅಕ್ಕಿ ಲಾರಿಯ ಮೇಲೆ ಕ್ಲೀನರ್ ಆಗಿ ಬೊಂಬಾಯಿಗೆ ಓಡಾಡತೊಡಗಿದ. ಅಲ್ಲಿ ಲಾರಿ ಖಾಲಿಯಾಗುವವರೆಗೆ ಕಾಯುವಾಗ ಯಾರೋ ಕಲಿಸಿದರು. ಸಿಗರೇಟು ಪಾಕೀಟಿನ ಬೆಳ್ಳಿಹಾಳೆ, ಅದರ ಮೇಲೆ ಚಿಟಿಕೆ ಕಂದು ಪುಡಿ, ಕೆಳಗೆ ಕಡ್ಡಿ ಗೀರಿ ಹೊಗೆ ಎಳೆಯುವುದು. ಬ್ರೌನ್ ಶುಗರ್ ಎಂದು ಅದರ ಹೆಸರು. ಹೆಸರೇನೋ ಸಿಹಿಯೇ. ವರ್ಷ ತುಂಬುವುದರೊಳಗೆ ಹುಡುಗ ಹಂಚಿಕಡ್ಡಿಯಾದ. ವೈಶಾಖದ ಬಿಸಿಲಲ್ಲಿ ಕೌದಿ ಹೊದ್ದು ನಡುಗುವ ಮಗನನ್ನು ನೋಡಿ ಅಕ್ಕ ಮೊದಲು ಮಲೇರಿಯಾ ಅಂದುಕೊಂಡಿದ್ದಳು.

ಆಮೇಲೆ ತಿರುಗಾಟ ಶುರುವಾಯಿತು. ಒಬ್ಬ ಡಾಕ್ಟರು ಕೋಣೆಯಲ್ಲಿ ಕೂಡಿಹಾಕಿ ಅಂದರು. ಊರ ಹಿರಿಯರು ದರ್ಗಾಕ್ಕೆ ಒಯ್ದು ತಾಯಿತ ಕಟ್ಟಿಸಿದರು. ಬೆಂಗಳೂರಿನವರೆಗೂ ಹೋದೆವು. ಅಲ್ಲಿ ಮಕ್ಕಳ ವಾರ್ಡಿಗೆ ಹೋದರೆ ಇವನಿಗೆ ಮೀಸೆ ಬಂದಿದೆ ಅಂದರು, ದೊಡ್ಡವರ ವಾರ್ಡಿಗೆ ಹೋದರೆ ಇನ್ನೂ ಹದಿನೆಂಟು ತುಂಬಿಲ್ಲ ಅಂದರು. ಹದಿನೇಳು ವರ್ಷದವನು ಎಲ್ಲಿ ಮಲಗಬೇಕು ಎಂದು ನಾನು ಬಾಯಿ ಮಾಡಿದೆ. ತುಂಬಿದ ಮೇಲೆ ಕರೆದುಕೊಂಡು ಬನ್ನಿ ಎಂದು ಕಳಿಸಿದರು. ಅದೇ ತಿಂಗಳು ಅವನ ಜೊತೆ ಲಾರಿಯ ಮೇಲೆ ಹೋಗುತ್ತಿದ್ದ ವಳಕಮದಿನ್ನಿಯ ಹುಡುಗ ಪುಡಿ ಸೇದಿ ಚೀಲಗಳ ನಡುವೆ ಮಲಗಿದವನು ಏಳಲಿಲ್ಲ. ಆ ಸುದ್ದಿ ಕೇಳಿದಾಗಿನಿಂದ ಅಕ್ಕ ಮಲಗಿದ ಮಗನ ಮೂಗಿನ ಮುಂದೆ ಕೈ ಹಿಡಿದು ಉಸಿರು ನೋಡುತ್ತ ಕೂಡುತ್ತಿದ್ದಳು.

ದಾರಿ ತೋರಿಸಿದವನು ಸಿಂಧನೂರಿನ ಹತ್ತಿರ ಬಂಗಾಲಿ ನಿರಾಶ್ರಿತರನ್ನು ನೆಲೆಗೊಳಿಸಿದ ಆರ್.ಎಚ್. ಕ್ಯಾಂಪಿನ ಕಂಪೌಂಡರ್. ಅವನ ತಂಗಿಯ ಗಂಡ ನಿತಾಯ್ ಎಂಬವನು ಕಾಠ್ಮಂಡುವಿನಲ್ಲಿ ಒಂದು ಆರೈಕೆ ಮನೆಯಲ್ಲಿ ಅಡುಗೆಯವನು. ಅಲ್ಲಿ ಹುಡುಗರನ್ನೂ ತೆಗೆದುಕೊಳ್ಳುತ್ತಾರೆ, ದಿನವೂ ನಾಲಿಗೆಯ ಕೆಳಗೆ ಒಂದು ಗುಳಿಗೆ ಇಡುತ್ತಾರೆ, ವಯಸ್ಸು ಕೇಳಿ ಬಾಗಿಲು ಹಾಕುವುದಿಲ್ಲ ಎಂದು ಹೇಳಿದ. ಮಲ್ಲೂನ ಅಪ್ಪ ಒಪ್ಪಲಿಲ್ಲ. "ಸತ್ತರ ಒಂದು ದಿನ ಅಳೂದು, ಇದ್ದರ ದಿನಾ ಅಳೂದು. ನಾ ಬರಂಗಿಲ್ಲ, ನೀವ ಹೋಗ್ರಿ," ಎಂದು ಪಟಕಾ ಕೊಡವಿಕೊಂಡು ಗದ್ದೆಗೆ ಹೋದ.

ಊರಿಗೆಲ್ಲ ಕಾಶಿಗೆ ಎಂದು ಹೇಳಿದೆವು. ಇಷ್ಟು ಹೇಳಿದ್ದೇ ತಡ, ಗಂಗೆಗೆ ಬಿಡಲು ಒಬ್ಬಾಕೆ ಮೊಮ್ಮಗನ ಜವುಳದ ಕೂದಲು ಗಂಟು ಕಟ್ಟಿ ಕೊಟ್ಟಳು, ಇನ್ನೊಬ್ಬಾಕೆ ತೆಂಗಿನಕಾಯಿ ಕೊಟ್ಟಳು. ನೆರೆಮನೆಯ ಮುದುಕ ತಾನು ಸತ್ತಾಗ ಬಾಯಿಗೆ ಬಿಡಲು ಗಂಗಾಜಲ ಬೇಕೆಂದು ಗಿಂಡಿಯನ್ನೇ ತಂದ. ಎಲ್ಲವನ್ನೂ ಟ್ರಂಕಿಗೆ ತುಂಬಿಕೊಂಡೆವು.

ರೈಲಿನಲ್ಲಿ

ರಾಯಚೂರಿನಲ್ಲಿ ರೈಲು ಹತ್ತುವಾಗ ಮಲ್ಲು ಚೆನ್ನಾಗಿಯೇ ಇದ್ದ. ಕೊನೆಯ ಪುಡಿಯನ್ನು ಸ್ಟೇಷನ್ನಿನ ಪಾಯಖಾನೆಯಲ್ಲಿ ಸೇದಿ ಬಂದಿದ್ದ, ಅದನ್ನು ಅವನೇ ಹೇಳಿದ. "ಇನ್ನ ನನ್ನ ಹತ್ತಿರ ಏನಿಲ್ಲ ಚಿಗವ್ವ. ಬೇಕಾದ್ರ ಚೀಲ ನೋಡು," ಎಂದ. ನೋಡಿದೆ, ಇರಲಿಲ್ಲ. ಅಕ್ಕ ತನ್ನ ಸೆರಗಿನ ಚುಂಗನ್ನು ಅವನ ಮಣಿಕಟ್ಟಿಗೆ ಗಂಟು ಹಾಕಿ ಕಿಟಕಿಯ ಕಡೆ ಕೂಡಿಸಿದಳು. ಎದುರಿನ ಸೀಟಿನ ಮರಾಠಿ ಹೆಂಗಸು ಏನಿದು ಹರಕೆಯೇ ಎಂದು ಕೇಳಿದಳು. ಹೌದು ಅಂದೆ.

ಸೋಲಾಪುರ ದಾಟುವ ಹೊತ್ತಿಗೆ ಆಕಳಿಕೆ ಶುರುವಾಯಿತು. ಮೂಗು, ಕಣ್ಣು ಎರಡರಲ್ಲೂ ನೀರು. ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ಕಾಲು ತಾನಾಗಿಯೇ ಒದೆಯತೊಡಗಿತು, ಕೆಳಗಿನ ಟ್ರಂಕು ಡಬ್ ಡಬ್ ಎನ್ನುತ್ತಿತ್ತು. ಆಮೇಲೆ ಭೇದಿ. ಅವನು ಪಾಯಖಾನೆಗೆ ಹೋದಾಗಲೆಲ್ಲ ನಾವಿಬ್ಬರೂ ಬಾಗಿಲ ಹೊರಗೆ ಕಾವಲು ನಿಂತೆವು. ಒಳಗೆ ಸದ್ದು ನಿಂತರೆ ಹಳಿಯ ಮೇಲೆ ಬಿದ್ದನೇನೋ ಎಂದು ನನ್ನ ಜೀವ ಬಾಯಿಗೆ ಬರುತ್ತಿತ್ತು. "ಮಲ್ಲೂ, ಓ ಅನ್ನಲೇ!" ಎಂದು ಅಕ್ಕ ಬಾಗಿಲು ಬಡಿಯುವಳು. ಒಳಗಿನಿಂದ ಸಣ್ಣಗೆ, "ಓ, ಇದ್ದೀನಿ ಬಿಡ ಯವ್ವಾ," ಎಂಬ ದನಿ ಬರುವುದು.

"ಮುಂದಿನ ಸ್ಟೇಷನ್ನಿಗೆ ಇಳಸ ಚಿಗವ್ವ. ಕಾಲು ಮುಗೀತೀನಿ. ನನ್ನ ಎಲುಬು ಯಾರೋ ಹಿಂಡಾಕತ್ತ್ಯಾರ."

ನಾನು ಹನುಮಂತನನ್ನು ನೆನೆದೆ, ಶರಣಬಸವನನ್ನು ನೆನೆದೆ, ಯಾರು ನೆನಪಿಗೆ ಬಂದರೋ ಅವರನ್ನೆಲ್ಲ ನೆನೆದೆ. ಬಿಹಾರದ ಕೂಲಿಗಳಿಬ್ಬರು ಎದ್ದು ನಿಂತು ಹುಡುಗನಿಗೆ ಪೂರ್ತಿ ಬೆಂಚು ಬಿಟ್ಟುಕೊಟ್ಟರು. ನಮ್ಮ ಕಡೆಯವರಾದರೆ ಮೊದಲು ಯಾವೂರು, ಯಾರ ಪೈಕಿ, ಏನು ಜಡ್ಡು ಎಂದು ವಿಚಾರಿಸಿ, ಆಮೇಲೆ ಜಾಗ ಬಿಡುತ್ತಿದ್ದರು. ಅವರು ಏನನ್ನೂ ಕೇಳಲಿಲ್ಲ. ನಡುವೆ ಒಬ್ಬ ತನ್ನ ತಲೆಯ ವಸ್ತ್ರವನ್ನೂ ಹೊದಿಸಿದ.

ಇಟಾರಸಿ ದಾಟಿದ ಮೇಲೆ ನೋಡಿ, ಹುಡುಗ ಸುಧಾರಿಸಿದ! ಅಕ್ಕ ಬೆಲ್ಲ ಹಾಕಿ ಚಹಾ ಕುಡಿಸಿದ್ದಳು. ಭೇದಿ ನಿಂತಿತು, ಕಾಲು ನಿಂತಿತು, ಅವಳ ತೊಡೆಯ ಮೇಲೆ ತಲೆಯಿಟ್ಟು ಕೂಸಿನ ಹಾಗೆ ಮಲಗಿದ. ನನಗೆ ಅಳುವೇ ಬಂತು. ಕಾಶಿಯ ಹೆಸರು ಹೇಳಿ ಸುಳ್ಳಾಡಿದರೂ ವಿಶ್ವನಾಥ ಸಿಟ್ಟಾಗಲಿಲ್ಲವಲ್ಲ ಅಂದುಕೊಂಡೆ. ಕಾಶಿಯಲ್ಲಿ ರೈಲು ಬದಲಿಸುವ ನಡುವೆ ಓಡಿಹೋಗಿ ಊರವರ ಕೂದಲು, ಕಾಯಿ ಎಲ್ಲ ಗಂಗೆಗೆ ಬಿಟ್ಟು ಗಿಂಡಿ ತುಂಬಿಸಿಕೊಂಡೆವು. ಇಷ್ಟಾದರೂ ಖರೆಯಾಯಿತಲ್ಲ ಎಂದು ಸಮಾಧಾನವಾಯಿತು.

ಗಡಿ

ಸೋನೌಲಿ ಎಂಬುದು ಗಡಿಯ ಊರು. ನಾನು ಪರದೇಶದ ಬಾಗಿಲು ಅಂದರೆ ಕೋಟೆಯ ಬಾಗಿಲಿನ ಹಾಗೆ ಇದ್ದೀತು ಎಂದುಕೊಂಡಿದ್ದೆ. ನೋಡಿದರೆ ನಮ್ಮ ಮಸ್ಕಿಯ ಸಂತೆಯ ದಾರಿ. ಲಾರಿ, ಎಮ್ಮೆ, ರಿಕ್ಷಾ ಎಲ್ಲ ಒಂದೇ ಕಮಾನಿನ ಕೆಳಗೆ ನುಗ್ಗುತ್ತಿದ್ದವು. ಲಾರಿಗಳನ್ನು ಕಂಡು ಮಲ್ಲು ತಲೆ ತಗ್ಗಿಸಿದ.

ಪೊಲೀಸನೊಬ್ಬ ನಮ್ಮ ರಿಕ್ಷಾ ನಿಲ್ಲಿಸಿದ. ಹುಡುಗನ ಮುಖ ನೋಡಿದ, ಚೀಲ ಬಿಚ್ಚಿಸಿದ. ಮೇಲೆಯೇ ಇದ್ದದ್ದು ಕಟಕ ರೊಟ್ಟಿ ಮತ್ತು ಗುರೆಳ್ಳು ಹಿಂಡಿಯ ಪೊಟ್ಟಣ. ಕಪ್ಪು ಕಂದು ಪುಡಿ ಕಂಡು ಅವನ ಹುಬ್ಬು ಏರಿತು. ಏನಿದು ಎಂದು ಹಿಂದಿಯಲ್ಲಿ ಗದರಿದ. ನನ್ನ ಹಿಂದಿ ರಾಯಚೂರಿನದು, ನಿಜಾಮನ ಕಾಲದ ಉರ್ದುವಿನ ಕಲಬೆರಕೆ ಕೂಸು. "ಏ ಚಟ್ನಿ ಹೈ ಸಾಬ್, ಖಾನೇ ಕಾ, ದೂಸರಾ ಕುಚ್ ನಕ್ಕೋ ಸಮಝೋ," ಎಂದು ಏನೇನೋ ಅಂದೆ. ಅವನು ಬೆರಳಿಗೆ ಒಂದಿಷ್ಟು ಹಚ್ಚಿಕೊಂಡು ನಾಲಿಗೆಗೆ ಇಟ್ಟ. ಬ್ಯಾಡಗಿ ಮೆಣಸಿನಕಾಯಿ ಅಲ್ಲ, ನಮ್ಮ ಗದ್ದೆಬದುವಿನ ಗುಂಟೂರು ಖಾರ. ಕಣ್ಣಲ್ಲಿ ನೀರು ಬಂತು, ಕೆಮ್ಮು ಹತ್ತಿತು. ಹೋಗಿ ಹೋಗಿ ಎಂದು ಕೈ ಬೀಸಿದ. ಅಕ್ಕ ನಕ್ಕಳು. ನನಗೆ ನಗಲು ಧೈರ್ಯವಾಗಲಿಲ್ಲ, ಬೆನ್ನಿನ ಬೆವರಿಗೆ ರವಿಕೆ ಅಂಟಿತ್ತು.

ಗುಡ್ಡದ ದಾರಿ

ಬಸ್ಸು ಹಗಲೆಲ್ಲ ಗುಡ್ಡ ಹತ್ತಿತು. ಒಂದು ಕಡೆ ಗೋಡೆಯಂಥ ಗುಡ್ಡ, ಇನ್ನೊಂದು ಕಡೆ ಪಾತಾಳದಲ್ಲಿ ಹೊಳೆ. ತಿರುವಿಗೆ ಬಂದಾಗ ಮುಂದಿನ ಗಾಲಿ ನೆಲದ ಮೇಲಿದೆಯೋ ಗಾಳಿಯಲ್ಲಿದೆಯೋ ತಿಳಿಯುತ್ತಿರಲಿಲ್ಲ. ಬಯಲುಸೀಮೆಯ ಕಣ್ಣಿಗೆ ಇದೆಲ್ಲ ಆಗಿಬರುವುದಿಲ್ಲ. ನಾನು ಕಣ್ಣು ಮುಚ್ಚಿ ಕೂತೆ.

ಅಕ್ಕ ಮಾತ್ರ ಕಿಟಕಿ ಬಿಡಲಿಲ್ಲ. ಗುಡ್ಡದ ಮೈಮೇಲೆ ಮೆಟ್ಟಿಲು ಮೆಟ್ಟಿಲಾಗಿ ಭತ್ತ ಬೆಳೆದಿದ್ದರು. "ಇಲ್ಲೆ ನೋಡ ಶಾಂತಾ, ಹಾಸಿಗಿ ಅಗಲದ ಗದ್ದಿ! ಎತ್ತು ಹ್ಯಾಂಗ ತಿರುಗತಾವ? ನಮ್ಮ ಕಾಲುವಿ ನೀರ ಇವರಿಗೆ ಕೊಟ್ಟಿದ್ರ ಚಿನ್ನಾ ಬೆಳೀತಿದ್ರು." ಹೆಂಗಸರು ಹಣೆಗೆ ಪಟ್ಟಿ ಹಾಕಿ ಬೆನ್ನ ಮೇಲೆ ಬುಟ್ಟಿ ಹೊತ್ತು ಏರುತ್ತಿದ್ದರು. ಬಸ್ಸು ನಿಂತಲ್ಲಿ ಒಬ್ಬ ಮುದುಕಿ ಬುಟ್ಟಿ ಇಳಿಸಿ, ಸೊಂಟದಿಂದ ಬೀಡಿ ತೆಗೆದು ಅಕ್ಕನಿಗೂ ಒಂದನ್ನು ಚಾಚಿದಳು. ಅಕ್ಕ ಗಾಬರಿಯಾಗಿ ಎಲೆ ಅಡಿಕೆ ಕೊಟ್ಟಳು. ಇಬ್ಬರೂ ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ ನಗುತ್ತ ನಿಂತರು. ಮಲ್ಲು ಚಹಾ ಕುಡಿದು ಸುಮ್ಮನೆ ತೂಕಡಿಸುತ್ತಿದ್ದ. ದೇವರೇ, ಹೀಗೇ ಇರಲಿ ಎಂದು ನಾನು ಬೇಡಿಕೊಂಡೆ.

ಬಾಗಿಲಿಗೆ ಬೀಗವಿಲ್ಲದ ಮನೆ

ನಿತಾಯ್ ಬಸ್ ನಿಲ್ದಾಣಕ್ಕೇ ಬಂದಿದ್ದ. ಸಿಂಧನೂರಿನ ಕ್ಯಾಂಪಿನಲ್ಲಿ ಬೆಳೆದವನು, ಕನ್ನಡ ಮರೆತಿರಲಿಲ್ಲ. "ಬರ್ರಿ ಅಕ್ಕಾರ, ದಾರ್ಯಾಗ ತ್ರಾಸ ಆಗಲಿಲ್ಲಲ್ಲ?" ಎಂದು ಕೇಳಿದಾಗ ಪರದೇಶದ ನಡುವೆ ನಮ್ಮ ಮನೆಯ ಪಡಸಾಲೆ ಕಂಡ ಹಾಗಾಯಿತು.

ಮನೆ ಒಂದು ಇಕ್ಕಟ್ಟಿನ ಗಲ್ಲಿಯಲ್ಲಿತ್ತು. ಇಟ್ಟಿಗೆಯ ಹಳೆಯ ಕಟ್ಟಡ, ಕೆತ್ತನೆಯ ಕಿಟಕಿ. ಅಂಗಳದಲ್ಲಿ ಮಲ್ಲೂನ ವಯಸ್ಸಿನ ಹುಡುಗರು ಕ್ಯಾರಂ ಆಡುತ್ತಿದ್ದರು, ಒಬ್ಬನಿಗಂತೂ ಇನ್ನೂ ದನಿಯೇ ಒಡೆದಿರಲಿಲ್ಲ. ನನ್ನನ್ನು ದಂಗುಬಡಿಸಿದ್ದು ಹೊರಬಾಗಿಲು. ಅದಕ್ಕೆ ಬೀಗವಿಲ್ಲ. ಅಗುಳಿಯೂ ಇಲ್ಲ. ಯಾರು ಬೇಕಾದರೂ ಎದ್ದು ಹೋಗಬಹುದು!

"ಬೀಗ ಯಾಕೆ ಹಾಕಿಲ್ಲ?" ಎಂದು ಡಾಕ್ಟರನ್ನು ಕೇಳಿದೆ. ಬೆಳ್ಳಿ ಕೂದಲಿನ ಗಿಡ್ಡ ಹೆಂಗಸು, ಎಲ್ಲರೂ ದೀದಿ ಎನ್ನುತ್ತಿದ್ದರು. ನನ್ನ ಹಿಂದಿ ಕೇಳಿ ಮೊದಲು ನಕ್ಕರು. ಆಮೇಲೆ, "ಬೀಗ ಹಾಕಿದರೆ ಯಾವ ಹುಡುಗ ಒಳಗೆ ಬರುತ್ತಾನೆ?" ಎಂದರು. ಆ ಉತ್ತರ ನನಗೆ ಸೇರಲಿಲ್ಲ. ಅಷ್ಟು ದೂರದಿಂದ ಸೆರಗಿಗೆ ಕಟ್ಟಿಕೊಂಡು ತಂದದ್ದು ತೆರೆದ ಬಾಗಿಲಿಗೆ ಬಿಡುವುದಕ್ಕೇನು?

ದೀದಿ ಮಲ್ಲೂನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಕಣ್ಣು ನೋಡಿದರು. ಕೊನೆಯ ಸಲ ತೆಗೆದುಕೊಂಡದ್ದು ಯಾವಾಗ ಎಂದು ಕೇಳಿದರು. ಅವನು, "ರಾಯಚೂರಿನಾಗ. ಆಮ್ಯಾಲೆ ಏನೂ ಮುಟ್ಟಿಲ್ಲ," ಎಂದ. ನಾನು ಹಿಂದಿಯಲ್ಲಿ ಹೇಳಿದೆ. ದೀದಿ ಒಪ್ಪಲಿಲ್ಲ. "ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಿದೆ, ನಶೆ ಇನ್ನೂ ಮೈಯಲ್ಲಿರುವ ಹಾಗೆ. ಇನ್ನೊಮ್ಮೆ ಕೇಳಿ. ಇದು ತುಂಬಾ ಮುಖ್ಯ," ಎಂದರು.

ನನಗೆ ಸಿಟ್ಟು ಬಂತು. ಪಾಯಖಾನೆಗೂ ಒಂಟಿಯಾಗಿ ಬಿಟ್ಟಿಲ್ಲ, ಅವನ ಅಂಗಿಯ ಹೊಲಿಗೆ ಸಹ ಬಿಚ್ಚಿ ನೋಡಿದ್ದೇನೆ, ನಾನು ಟೀಚರ್, ಸುಳ್ಳು ಹೇಳುವವಳಲ್ಲ ಎಂದೆ. ಮಲ್ಲು ನೆಲ ನೋಡುತ್ತಿದ್ದ. ಹಿಂದಿ ತಿಳಿಯದ ಅಕ್ಕ ಗೋಡೆಗೆ ಹಾಕಿದ್ದ ದೇವರ ಪಟಕ್ಕೆ ಕೈ ಮುಗಿಯುತ್ತಿದ್ದಳು.

ಕೊನೆಗೆ ದೀದಿ ನನ್ನ ಮಾತು ನಂಬಿ ಗುಳಿಗೆ ತರಿಸಿದರು. ಗುಳಿಗೆ ಚಿಕ್ಕದು. ನಾಲಿಗೆಯ ಕೆಳಗೆ ಇಟ್ಟು ಕರಗುವವರೆಗೆ ಮಾತಾಡಬಾರದು, ನುಂಗಬಾರದು. ನರ್ಸು ಎದುರಿಗೆ ಕೂತು ನೋಡಬೇಕು, ಅದು ಆ ಮನೆಯ ಕಟ್ಟಳೆ. ಮಲ್ಲು ಬಾಯಿ ಮುಚ್ಚಿ ಕೂತ. ಕರಗಿತು. ಚಹಾ ಬಂತು. ಅಕ್ಕ ಸೀರೆಯ ನಿರಿಗೆ ಸರಿಮಾಡಿಕೊಂಡು, "ಇಷ್ಟ ಏನು? ಇಷ್ಟಕ್ಕ ಇಲ್ಲೀತನಕ ಬಂದ್ವಾ?" ಎಂದಳು.

ಚಹಾದ ಲೋಟ ಕೆಳಗಿಡುವಷ್ಟರಲ್ಲಿ ಮಲ್ಲು ಹೊಟ್ಟೆ ಹಿಡಿದುಕೊಂಡ. ಮೈಯೆಲ್ಲ ಬೆವರು ಸುರಿಯಿತು. ವಾಂತಿ ಮಾಡಿದ, ಮತ್ತೆ ಮಾಡಿದ, ಹಸಿರು ಪಿತ್ತ ಬಂತು. ರೈಲಿನಲ್ಲಿ ಆದದ್ದರ ನಾಲ್ಕು ಪಟ್ಟು ಒಂದೇ ಸಲಕ್ಕೆ ಬಂದು ಎರಗಿತು. ನೆಲದ ಮೇಲೆ ಬಿದ್ದು ಹೊರಳಾಡುತ್ತ, "ಯವ್ವಾ, ಸಾಯ್ತೀನಿ ಬೇ!" ಎಂದು ಚೀರಿದ. ವಳಕಮದಿನ್ನಿಯ ಹುಡುಗನ ಮುಖ ಕಣ್ಣ ಮುಂದೆ ಬಂತು. ಇವನ ಹೆಣವನ್ನು ಈ ಗುಡ್ಡಗಳಿಂದ ಮುಕ್ಕುಂದಕ್ಕೆ ಹೇಗೆ ಒಯ್ಯುವುದು ಎಂಬ ಯೋಚನೆಯೂ ಬಂತು, ಸುಳ್ಳೇಕೆ ಹೇಳಲಿ.

"ವಿಷಾ ಹಾಕ್ಯಾರ! ನನ್ನ ಮಗಗ ವಿಷಾ ಹಾಕ್ಯಾರ!" ಅಕ್ಕ ಎದೆ ಬಡಿದುಕೊಂಡಳು. ನರ್ಸಿನ ಕೈ ದೂಡಿದಳು. "ಸರೀರಿ ಎಲ್ಲಾರೂ. ನನ್ನ ಔಷಧ ನಾ ಕೊಡ್ತೀನಿ." ಸೊಂಟದಿಂದ ಎಲೆ ಅಡಿಕೆಯ ಸಂಚಿ ಎಳೆದು, ಅದರೊಳಗಿಂದ ನೋವಿನ ಮುಲಾಮಿನ ಹಳೆಯ ಡಬ್ಬಿ ತೆಗೆದಳು. ಉಗುರಿನಿಂದ ಮುಚ್ಚಳ ಎಬ್ಬಿಸಿದಳು. ಒಳಗೆ ಹುಣಸೆಹಣ್ಣಿನ ಹಾಗೆ ಕರ್ರಗೆ ಏನೋ ಇತ್ತು.

ದೀದಿ ಅವಳ ಮುಂಗೈ ಹಿಡಿದು, ಡಬ್ಬಿಯನ್ನು ಮೂಗಿನ ಹತ್ತಿರ ತಂದರು. ನನ್ನ ಕಡೆ ತಿರುಗಿ ಒಂದೇ ಶಬ್ದ ಅಂದರು. "ಅಫೀಮು."

ಮನೆ ಔಷಧ

"ಹೌದು, ಅಫು," ಎಂದಳು ಅಕ್ಕ, ಅದರಲ್ಲಿ ಮುಚ್ಚಿಡುವುದೇನಿದೆ ಎಂಬ ಹಾಗೆ. "ನಮ್ಮತ್ತಿ ಕಟ್ಟಿ ಕೊಟ್ಟಾಳ. ಹೊರದೇಶದ ನೀರು, ಹೊಟ್ಟಿ ಕೆಟ್ಟೀತು ಅಂತ."

"ಅಕ್ಕಾ, ಎಂದಿನಿಂದ ಕೊಡಾಕತ್ತಿ?"

"ರೈಲಿನಾಗಿಂದ. ಚಾದಾಗ ಬೆಲ್ಲದ ಜೋಡಿ. ಇವತ್ತ ಮುಂಜಾನಿನೂ ಕೊಟ್ಟೀನಿ. ನೀನಾ ನೋಡಿದೆಲ್ಲ, ಹ್ಯಾಂಗ ಸುಧಾರಿಸಿದ್ದ!"

ನನ್ನ ವಿಶ್ವನಾಥನ ಕೃಪೆ ಆ ಡಬ್ಬಿಯಲ್ಲಿತ್ತು. ಗಡಿಯ ಪೊಲೀಸ ಹಿಂಡಿ ನೆಕ್ಕುತ್ತಿದ್ದಾಗ ಅದು ಅವನಿಂದ ಒಂದು ಮೊಳ ದೂರದಲ್ಲಿ ಅಕ್ಕನ ಸೊಂಟದಲ್ಲಿತ್ತು.

"ಅದೂ ಅದರ ಕುಲದ್ದಾ ಅಕ್ಕಾ. ಆ ಬೊಂಬಾಯಿ ಪುಡಿ ಮಾಡೂದು ಅಫುದಿಂದಾನ."

"ಏನರ ಹೇಳಬ್ಯಾಡ. ಅದು ನಶಾ, ಇದು ಮನಿ ಔಷಧ. ನಾಟಿ ಹಚ್ಚಾಕ ಹೋಗಾಗ ನಮ್ಮ ಕಡೆ ಯಾವ ತಾಯಿ ಕೊಟ್ಟಿಲ್ಲ? ಸಾಸಿವಿ ಕಾಳಿನಷ್ಟು ನೆಕ್ಕಿಸಿ, ಬದುವಿನ ಗಿಡಕ್ಕ ಜೋಳಿಗಿ ಕಟ್ಟಿ ಮಲಗಿಸಿ ನೀರಿಗೆ ಇಳೀತಿದ್ವಿ. ಕೂಸು ಸಂಜೀತನಕ ಅಳತಿದ್ದಿಲ್ಲ. ಮಲ್ಲೂಗೂ ಕೊಟ್ಟೀನಿ. ಏನಾಗಿತ್ತು ಅವಂಗ..."

ಅಕ್ಕ ಕೆಳಗೆ ಹೊರಳುತ್ತಿದ್ದ ಮಗನನ್ನು ನೋಡಿದಳು, ಕೈಯಲ್ಲಿದ್ದ ಡಬ್ಬಿ ನೋಡಿದಳು. ಆಮೇಲೆ ಗೋಡೆ ಹಿಡಿದು ಕೂತುಬಿಟ್ಟಳು.

ದೀದಿ ಬೈಯಲಿಲ್ಲ. ಮಲ್ಲೂನ ಬೆನ್ನು ನೀವುತ್ತಲೇ ನನಗೆ ತಿಳಿಸಿದರು. ಈ ಗುಳಿಗೆ ಒಳಗೆ ಕೂತಿರುವ ನಶೆಯನ್ನು ಕುರ್ಚಿಯಿಂದ ದೂಡಿ ತಾನು ಕೂಡುತ್ತದೆ. ನಶೆ ಮೈಯಿಂದ ಇಳಿದ ಮೇಲೆ ಕೊಟ್ಟರೆ ಹಾಯೆನಿಸುತ್ತದೆ. ಇಳಿಯುವ ಮೊದಲೇ ಕೊಟ್ಟರೆ ಹೀಗೆ. ಸಾಯುವುದಿಲ್ಲ, ನಾಳೆಯ ಹೊತ್ತಿಗೆ ಕಡಿಮೆಯಾಗುತ್ತದೆ. "ಆದರೆ ನನಗೆ ಹೆದರಿಕೆ ಬೇರೆಯೇ ಇದೆ," ಎಂದರು. "ಒಮ್ಮೆ ಹೀಗಾದ ಹುಡುಗ ಈ ಗುಳಿಗೆಯನ್ನು ಮತ್ತೆ ಬಾಯಿಗೆ ಇಡುವುದಿಲ್ಲ. ಬಾಗಿಲು ತೆರೆದೇ ಇದೆ. ಹೋದವರು ಹೆಚ್ಚಾಗಿ ಮರಳಿ ಬರುವುದಿಲ್ಲ."

"ಇಲ್ಲಿಂದ ಹೋದರೆ ಇವನಿಗೆ ಬೇರೆ ಎಲ್ಲಿದೆ?" ಎಂದೆ.

"ಎಲ್ಲ ಕಡೆ ಹದಿನೆಂಟು ತುಂಬಲಿ ಅನ್ನುತ್ತಾರೆ," ಎಂದರು ದೀದಿ. "ಪುಡಿ ಮಾರುವವನು ವಯಸ್ಸು ಕೇಳುತ್ತಾನೆಯೇ?"

ಅಕ್ಕ ನನ್ನ ಸೆರಗು ಜಗ್ಗಿದಳು. "ಕೂಸಿದ್ದಾಗ ನಾ ಕೊಟ್ಟಿದ್ದಕ್ಕ ಹಿಂಗಾತೇನು ಕೇಳು."

ಕೇಳಿದೆ. ಅಲ್ಲ, ಅದರಿಂದಲ್ಲ ಎಂದು ದೀದಿ ಅಕ್ಕನ ಮುಖ ನೋಡಿಯೇ ಹೇಳಿದರು. ಅದು ವೈದ್ಯರ ಮಾತೋ, ತಾಯಿಯ ಮೇಲಿನ ಕರುಣೆಯೋ ನನಗೆ ಇಂದಿಗೂ ಗೊತ್ತಿಲ್ಲ. ಅಕ್ಕ ಡಬ್ಬಿಯನ್ನು ಹಿತ್ತಲಿನ ಮೋರಿಗೆ ಒಯ್ದು, ಬಿಸಿನೀರು ಸುರಿದು, ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೊಳೆದಳು.

ರಾತ್ರಿ ಸ್ವಲ್ಪ ಉಸಿರಾಡುವಂತಾದ ಮೇಲೆ ಮಲ್ಲು ನನ್ನ ಕೈ ಹಿಡಿದ. "ನನಗ ಗೊತ್ತಿತ್ತು ಚಿಗವ್ವ. ಮೊದಲನೇ ಗುಟುಕಿಗೆ ಗೊತ್ತಾತು, ಕಹಿ ಇತ್ತು. ಹೇಳಿದ್ರ ಯವ್ವನ ಪೊಲೀಸರು ಹಿಡಕೊಂಡು ಹೋಗತಾರಂತ ಅಂಜಿದೆ." ಮುಖ ಗೋಡೆಗೆ ತಿರುಗಿಸಿ, "ಹಾಯಿನೂ ಅನಸ್ತಿತ್ತು," ಎಂದ. "ಇನ್ನ ಆ ಗುಳಿಗಿ ಮಾತ್ರ ಒಲ್ಲೆ. ಕೊಂದರೂ ಒಲ್ಲೆ."

ನಾಯಿಗೆ ಹಾರ ಹಾಕಿದ ದಿನ

ಮರುದಿನ ಬೆಳಗ್ಗೆ ಮಲ್ಲೂನ ಹಾಸಿಗೆ ಖಾಲಿ ಇತ್ತು. ಮೆಟ್ಟಿಲನ್ನು ನಾನು ಇಳಿದೆನೋ ಬಿದ್ದೆನೋ ಗೊತ್ತಿಲ್ಲ. ಅವನು ಹೊಸ್ತಿಲ ಮೇಲೆ ನಿಂತಿದ್ದ. ಕಾಲಲ್ಲಿ ಚಪ್ಪಲಿ, ಹೆಗಲಲ್ಲಿ ಚೀಲ. ಮುಖ ಸುಣ್ಣದ ಗೋಡೆ. ಒಂದು ಕಾಲು ಒಳಗೆ, ಒಂದು ಹೊರಗೆ. ಕೂಗಿದರೆ ಓಡಿಯಾನು ಎಂದು ಕೂಗಲಿಲ್ಲ.

ಹೊರಗೆ ಗಲ್ಲಿಯಲ್ಲಿ ವಿಚಿತ್ರ. ಆ ನಾಡಿನಲ್ಲಿ ದೀಪಾವಳಿಯ ಒಂದು ದಿನ ನಾಯಿಗಳಿಗೆ ಪೂಜೆಯಂತೆ. ಬೀದಿಯ ಕಜ್ಜಿನಾಯಿಗೂ ಚೆಂಡುಹೂವಿನ ಹಾರ, ಹಣೆಗೆ ಕುಂಕುಮ, ಎದುರಿಗೆ ಎಲೆಯಲ್ಲಿ ಊಟ. ನಾವು ಆ ಹಬ್ಬಕ್ಕೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಿರುತ್ತೇವೆ, ನಾಯಿ ಬಂದರೆ ಹಚಾ ಎನ್ನುತ್ತೇವೆ. ಹಾರ ಹಾಕಿಕೊಂಡ ಒಂದು ಕುಂಟ ನಾಯಿ ಹೊಸ್ತಿಲಿಗೆ ಅಡ್ಡ ಮಲಗಿ ಮಲ್ಲೂನನ್ನು ನೋಡುತ್ತಿತ್ತು. ಅದನ್ನು ದಾಟಲೋ ಬೇಡವೋ ಎಂದು ಅವನು ನಿಂತಿದ್ದ. ಇಲ್ಲ, ನಿಂತದ್ದಕ್ಕೆ ನಾಯಿಯೇ ಕಾರಣ ಎಂದು ನಾನು ಹೇಳಲಾರೆ. ಶಕ್ತಿಯೂ ಇರಲಿಲ್ಲ ಹುಡುಗನಿಗೆ.

ಅಕ್ಕ ಬಂದಳು. ಸೆರಗನ್ನು ಅವನ ಕೈಗೆ ಕಟ್ಟಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತು, "ನಾಯಿಗೆ ಕುಂಕುಮ ಹಚ್ಚ್ಯಾರಲ್ಲೋ!" ಎಂದಳು. ಮಲ್ಲೂಗೆ ನಗು ಬಂತು, ಕೂಡಲೇ ಅಳು ಬಂತು. ಅವಳ ಮಗ್ಗುಲಲ್ಲಿ ಕುಸಿದ.

ದೀದಿ ಗುಳಿಗೆ ತಂದರು. ಈಗ ನಶೆ ಪೂರ್ತಿ ಇಳಿದಿದೆ, ಈಗ ಕೊಟ್ಟರೆ ನಿನ್ನೆಯ ಹಾಗೆ ಆಗುವುದಿಲ್ಲ ಎಂದರು. ಮಲ್ಲು ಹಲ್ಲು ಕಚ್ಚಿಕೊಂಡು ತಲೆ ಆಡಿಸಿದ. ನರ್ಸು ಹೇಳಿದಳು, ನಿತಾಯ್ ಹೇಳಿದ, ನಾನು ಶಾಲೆಯ ದನಿಯಲ್ಲಿ ಗದರಿದೆ. ಆಗಲಿಲ್ಲ. ದೀದಿ ಯೋಚಿಸಿ, ಮನೆಯ ಕಟ್ಟಳೆ ಬಿಟ್ಟು, ಗುಳಿಗೆಯನ್ನು ಅಕ್ಕನ ಅಂಗೈಗೆ ಹಾಕಿದರು.

ಅಕ್ಕ ಕೆಂಡ ಬಿದ್ದ ಹಾಗೆ ಕೈ ಕೊಡವಿದಳು. "ನಾ ಒಲ್ಲೆ! ನನ್ನ ಕೈಯಾಗ ವಿಷಾ ಐತಿ. ಕೂಸಿದ್ದಾಗೂ ನನ್ನ ಕೈಲೇ ಕೊಟ್ಟೆ, ಈಗೂ ನನ್ನ ಕೈಲೇ ಕೊಟ್ಟೆ. ಬ್ಯಾರೆ ಯಾರರ ಕೊಡ್ರಿ." ಭತ್ತದ ಹೊರೆಯನ್ನು ಒಂದೇ ಏಟಿಗೆ ತಲೆಗೇರಿಸುವ ಕೈ ಅದು. ಅದನ್ನು ಸೀರೆಗೆ ಒರೆಸಿಕೊಳ್ಳುತ್ತಲೇ ಇದ್ದಳು.

ಮಲ್ಲು ಅವಳ ಮುಖವನ್ನೇ ನೋಡುತ್ತ ಕೂತಿದ್ದ. ಆಮೇಲೆ ನೆಲಕ್ಕೆ ಬಿದ್ದ ಗುಳಿಗೆಯನ್ನು ದೀದಿಗೆ ಕೊಟ್ಟು, ಬೇರೆಯದು ಇಸಿದುಕೊಂಡು, ತಾಯಿಯ ಬೆರಳುಗಳ ನಡುವೆ ತಾನೇ ಇಟ್ಟ. "ನೀನಾ ಕೊಡ ಯವ್ವಾ. ನೀ ಕೊಟ್ಟರ ತಗೋತೀನಿ." ಬಾಯಿ ತೆರೆದು ನಾಲಿಗೆ ಎತ್ತಿದ.

ಅಕ್ಕ ಇಟ್ಟಳು. ಅದು ಕರಗತೊಡಗಿತು. ಕ್ಯಾರಂ ಆಡುವ ಹುಡುಗರೂ ಕೈ ನಿಲ್ಲಿಸಿದರು. ನಾನು ಅವನ ಹೊಟ್ಟೆ ನೋಡುತ್ತಿದ್ದೆ, ಹಣೆ ನೋಡುತ್ತಿದ್ದೆ, ಈಗ ಬಂತು, ಈಗ ಬಂತು ಎಂದು. ಬರಲಿಲ್ಲ. ಬೆವರು ಆರಿತು. ಮೈಮೇಲೆ ಎದ್ದಿದ್ದ ಕೂದಲು ಮಲಗಿದವು. ಬಿಸಿಲು ಅಂಗಳದ ನಡುವಿಗೆ ಬರುವ ಹೊತ್ತಿಗೆ ಮಲ್ಲು, "ಹಸಿವಿ ಆಗೇತಿ," ಎಂದ. ನಿತಾಯ್ ಅನ್ನ, ಬೇಳೆ ಸಾರು ಬಡಿಸಿದ. ಅಕ್ಕ ಅಗುಳು ಹಿಚುಕಿ ನೋಡಿ, ದಪ್ಪಕ್ಕಿ, ನಮ್ಮ ಮನಿ ಕೋಳಿಗೆ ಹಾಕೂದು ಎಂದು ಗೊಣಗಿದಳು. ಅವಳು ಗೊಣಗಿದ್ದು ಕೇಳಿ ನನಗೆ ಹೋದ ಜೀವ ಬಂತು.

ಊಟವಾದ ಮೇಲೆ ಗುಳಿಗೆಯ ಖಾಲಿ ಹಾಳೆ ಕೈಗೆ ಸಿಕ್ಕಿತು. ಟೀಚರ್ ಬುದ್ಧಿ, ಅಕ್ಷರ ಕಂಡರೆ ಓದಲೇಬೇಕು. ಹಿಂದುಗಡೆ ಸಣ್ಣ ಅಕ್ಷರದಲ್ಲಿ ತಯಾರಾದ ಜಾಗ ಇತ್ತು. ನಮ್ಮ ದೇಶ! ನಾನು ದೀದಿಯ ಮುಂದೆ ಹಿಡಿದೆ. "ಹೌದು, ನಿಮ್ಮಲ್ಲಿಂದಲೇ ತರಿಸುತ್ತೇವೆ," ಎಂದರು. ನಾವು ಯಾವ ದಾರಿಯಲ್ಲಿ ಬಂದೆವೋ ಅದೇ ದಾರಿಯಲ್ಲಿ ಅದೂ ಬಂದಿತ್ತು, ನಮಗಿಂತ ಮೊದಲು. ಹದಿನೇಳು ವರ್ಷದ ಹುಡುಗನ ಬಾಯಿಗೆ ಬೀಳಲು ಅದಕ್ಕೂ ಗಡಿ ದಾಟಬೇಕಾಗಿತ್ತು. ಯಾರ ಮೇಲೆ ಕೂಗಾಡಬೇಕೋ ತಿಳಿಯದೆ ಹಾಳೆಯನ್ನು ಮುದುಡಿ ಎಸೆದೆ.

ಮರಳಿ ಒಂಟಿಯಾಗಿ

ಗುಳಿಗೆ ದಿನವೂ ಬೇಕು, ತಿಂಗಳುಗಟ್ಟಲೆ ಬೇಕು. ಕಟ್ಟಿ ಕೊಡುವುದಿಲ್ಲ, ಎದುರಿಗೆ ಕೂತೇ ತೆಗೆದುಕೊಳ್ಳಬೇಕು. ಅಕ್ಕ ಅಲ್ಲಿಯೇ ಉಳಿದಳು. ನಿತಾಯ್ ಜೊತೆ ಅಡುಗೆಮನೆಯಲ್ಲಿ ಕೈ ಹಚ್ಚುತ್ತೇನೆಂದಳು. ಹಿಂದಿ ಬಾರದು, ನೇಪಾಳಿ ಬಾರದು, ಮುಕ್ಕುಂದ ಬಿಟ್ಟರೆ ಮಸ್ಕಿ ಇಷ್ಟೇ ಅವಳ ಲೋಕ. ನಾನು ಬಸ್ಸು ಹತ್ತಿದೆ. ಹೋಗುವಾಗ ಮೂವರೂ ಹೆದರಿಕೆ ಹಂಚಿಕೊಂಡಿದ್ದೆವು, ಬರುವಾಗ ಎಲ್ಲ ನನ್ನೊಬ್ಬಳ ಪಾಲಿಗೆ ಬಂತು.

ಲಿಂಗಸುಗೂರಿಗೆ ಬಂದು ಶಾಲೆ ಸೇರಿಕೊಂಡೆ. ಎಸ್‌ಟಿಡಿ ಬೂತಿನವನು ನಿಮಗೆ ಫೋನು ಎಂದು ಕರೆದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಓಡಿಹೋಗಿ ಎತ್ತಿದರೆ ಆ ಕಡೆಯಿಂದ ಅಕ್ಕ, "ಉಂಡಾನ. ಮುಂಜಾನಿ ನಾನಾ ಕೊಟ್ಟೀನಿ," ಎನ್ನುತ್ತಿದ್ದಳು. ಅಷ್ಟೇ. ನಾನು ಉಸಿರು ಬಿಡುತ್ತಿದ್ದೆ.

ಒಂದು ಮಧ್ಯಾಹ್ನ ಶಾಲೆ ಬಿಟ್ಟು ಬರುವಾಗ ನನ್ನ ಮನೆಯ ಕಟ್ಟೆಯ ಮೇಲೆ ಮಸ್ಕಿ ಕಡೆಯ ಹೆಂಗಸೊಬ್ಬಳು ಕೂತಿದ್ದಳು. ಗುರುತಿಲ್ಲದವಳು. ಪಕ್ಕದಲ್ಲಿ ಹದಿನಾರರ ಹುಡುಗ, ಬಿಸಿಲಲ್ಲಿ ರಗ್ಗು ಹೊದ್ದಿದ್ದ. ಅವನ ಮೂಗಿನಿಂದ ನೀರು ಇಳಿಯುತ್ತಿತ್ತು.

"ಎಲ್ಲಾ ಕಡೆ ತಿರುಗೀನ್ರಿ ಅಕ್ಕಾರ. ಎಲ್ಲೂ ಒಳಗ ಕರೀವಲ್ರು. ನಿಮ್ಮಕ್ಕನ ಮಗಾ ಸುಧಾರಿಸ್ಯಾನಂತ ಕ್ಯಾಂಪಿನ ಕಂಪೌಂಡರ್ ಹೇಳಿದ, ಬಂದೆ. ಆ ಊರಿಗೆ ಯಾವ ರೈಲು ಹೇಳ್ರಿ, ನಾನೂ ಹೋಗ್ತೀನಿ."

ನೀರು ಕೊಟ್ಟೆ. ರೈಲಿನ ಹೆಸರು ಹೇಳಿದೆ, ಗಡಿ ಹೇಳಿದೆ, ಕಂಬಳಿ ಒಯ್ಯಲು ಹೇಳಿದೆ. ನನ್ನ ಹೆದರಿಕೆ ಮಾತ್ರ ಮೊದಲಿನ ಹಾಗೆಯೇ ಇತ್ತು. ಹುಡುಗನನ್ನು ಒಳಗೆ ಮಲಗಿಸಿ ಬಂದು, ಅವಳ ಎದುರಿಗೆ ಕೂತು, ದನಿ ತಗ್ಗಿಸಿ ಕೇಳಿದೆ.

"ಭೇದಿ ಹತ್ತಿದಾಗ ಹುಡುಗಗ ಮನ್ಯಾಗ ಏನ ಕೊಡ್ತೀರಿ? ಅಫು ಐತೇನು?"

ಅವಳು ನನ್ನ ಮುಖ ನೋಡಿದಳು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಸಂಚಿಯ ದಾರ ಬಿಚ್ಚತೊಡಗಿದಳು.